ಹಗ್ಗ ಬಿಗಿಯಾದಾಗ

ಹಾವೇರಿ,
19-8-2007, ರವಿವಾರ

ಚಿ. ದುರ್ಗೇಶನಿಗೆ ಅಕ್ಕ ಪುಷ್ಪಾವತಿಯ ಆಶೀರ್ವಾದಗಳು.

ನಿನ್ನ ಮೂರೂ ಪತ್ರಗಳು ಮುಟ್ಟಿವೆ. ಉತ್ತರ ಬರೆಯಲು ತಡವಾಯಿತು, ಸಿಟ್ಟಾಗಬೇಡ. ಎಲ್ಲರೂ ಕ್ಷೇಮ ಎಂದು ಬರೆಯುವುದು ರೂಢಿಯಲ್ಲವೇ, ಬರೆಯುತ್ತೇನೆ. ಅವ್ವ ಕ್ಷೇಮ. ಹಲಗೇರಿಯ ಹೊಳಿಯವ್ವ ಅತ್ತೆ ಕ್ಷೇಮ. ಎಡಗಾಲೊಂದನ್ನು ಬಿಟ್ಟರೆ ನಾನೂ ಕ್ಷೇಮ.

ಈ ಪತ್ರವನ್ನು ನಾನು ನಿಂತುಕೊಂಡು ಬರೆಯುತ್ತಿದ್ದೇನೆ. ಕಿಟಕಿಯ ಕಟ್ಟೆಯ ಮೇಲೆ ಹಾಜರಿ ಪುಸ್ತಕ, ಅದರ ಮೇಲೆ ಹಾಳೆ. ಹತ್ತು ನಿಮಿಷ ಕುರ್ಚಿಯಲ್ಲಿ ಕುಳಿತರೆ ಕುಂಡೆಯ ಎಲುಬಿಗೆ ಮೊಳೆ ಹೊಡೆದಂತಾಗುತ್ತದೆ, ಆಮೇಲೆ ತೊಡೆಯ ಹಿಂದಿನಿಂದ ಹಿಮ್ಮಡಿಯವರೆಗೆ ಜುಮುಜುಮು. ಹಾಗಾಗಿ ನಾಲ್ಕು ಸಾಲು ಬರೆಯುವುದು, ಸ್ವಲ್ಪ ಅಡ್ಡಾಡುವುದು, ಮತ್ತೆ ನಾಲ್ಕು ಸಾಲು. ಅಕ್ಷರ ಸೊಟ್ಟಗಿದ್ದರೆ ನಗಬೇಡ.

ಫೋನು ಯಾಕೆ ಎತ್ತುವುದಿಲ್ಲ ಎಂದು ಕೇಳಿದ್ದೀಯ. ಬೇಕೆಂದೇ ಎತ್ತುತ್ತಿಲ್ಲ. ಫೋನಿನಲ್ಲಿ ನೀನು "ಅಕ್ಕಾ" ಅಂದುಬಿಟ್ಟರೆ ನನ್ನ ಸಿಟ್ಟು ಅಲ್ಲಿಗೇ ಕರಗಿ ಹೋಗುತ್ತದೆ. ಚಿಕ್ಕಂದಿನಿಂದ ಅದೊಂದು ಮಾತಿನಿಂದ ನೀನು ಎಷ್ಟು ಪೆಟ್ಟು ತಪ್ಪಿಸಿಕೊಂಡಿದ್ದೀ ಎನ್ನುವುದು ನಿನಗೂ ಗೊತ್ತು. ಈ ಸಲ ಕರಗುವುದು ಬೇಡ ಎಂದು ಪತ್ರ ಬರೆಯುತ್ತಿದ್ದೇನೆ.

ಮೊದಲು ಊರ ಸುದ್ದಿ. ನೀನು ಕಳಿಸಿದ ಫೋಟೊಕ್ಕೆ ಅವ್ವ ಕಟ್ಟು ಹಾಕಿಸಿದ್ದಾಳೆ. ಕಾರವಾರದ ಸಮುದ್ರ, ಮೋಟರ್ ಬೋಟು, ಕಿತ್ತಳೆ ಬಣ್ಣದ ತೇಲುಜಾಕೀಟು, ಕಪ್ಪು ಕನ್ನಡಕ! ಬಂದವರಿಗೆಲ್ಲ ತೋರಿಸುತ್ತಾಳೆ. ಹೊಳೆಯಲ್ಲಿ ಹರಗೋಲು ಹುಟ್ಟು ಹಾಕುತ್ತಿದ್ದ ಡಾಕಪ್ಪನ ಮಗ ಈಗ ಸಮುದ್ರದಲ್ಲಿ ಬೋಟು ನಡೆಸುತ್ತಾನೆ ಎಂದು ರಾಣೆಬೆನ್ನೂರಿನ ನಮ್ಮ ಹಳೆಯ ಓಣಿಗೆಲ್ಲ ಗೊತ್ತಾಗಿದೆ. ನಾನೂ ಹೆಮ್ಮೆ ಪಟ್ಟಿದ್ದೆ. ಖರೇನೇ ಪಟ್ಟಿದ್ದೆ, ಕಳೆದ ತಿಂಗಳವರೆಗೆ. ಇನ್ನು, ನನ್ನ ಹತ್ತಿರ ಈಜು ಕಲಿತ ಅಂಜಲಿ ಈಗ ಹತ್ತನೆಯ ಇಯತ್ತೆ. ಬೇಸಿಗೆಯಲ್ಲಿ ಹೊಸರಿತ್ತಿಯ ತನ್ನ ಅಜ್ಜನ ಊರಿನಲ್ಲಿ ವರದಾ ಹೊಳೆಯನ್ನು ಎರಡು ಸಲ ದಾಟಿದಳಂತೆ. ನಾನು ದಂಡೆಯ ಮೇಲೆ ನಿಂತು ಸೀಟಿ ಊದಿದರೆ ಸಾಕು, ತಾನು ಜಿಲ್ಲೆಗೆ ಮೊದಲು ಬರುತ್ತೇನೆ ಎನ್ನುತ್ತಾಳೆ. ದಂಡೆಯ ಮೇಲೆ ನಿಲ್ಲುವುದನ್ನು ನಾನಿನ್ನೂ ಕಲಿಯಬೇಕು.

ನಿನ್ನ ಮೂರೂ ಪತ್ರಗಳಲ್ಲಿ ಕೊನೆಗೆ ಒಂದೇ ಪ್ರಶ್ನೆ: "ಅಕ್ಕಾ, ಕಾಲು ಹ್ಯಾಂಗೈತಿ?" ಹೇಳುತ್ತೇನೆ. ನಿನಗೆ ಗೊತ್ತಿರುವುದನ್ನೂ ಸೇರಿಸಿ ಮೊದಲಿನಿಂದ ಹೇಳುತ್ತೇನೆ. ಇದು ಪಿ.ಟಿ. ಟೀಚರಳ ಚಾಳಿ, ತಪ್ಪು ಮಾಡಿದವರನ್ನು ಗೆರೆಯ ಹತ್ತಿರ ವಾಪಸ್ಸು ಕರೆದು ಮತ್ತೊಮ್ಮೆ ಓಡಿಸದಿದ್ದರೆ ನನಗೆ ಸಮಾಧಾನವಿಲ್ಲ.

ಸಂಕ್ರಾಂತಿಯ ಹಿಂದಿನ ದಿನ, ರವಿವಾರ, ಹೆಗ್ಗೇರಿ ಕೆರೆಯ ಮೇಲೆ ಆ ಸಾಹಸ ಸಂಸ್ಥೆಯವರ ಜಲಕ್ರೀಡೆ. ಸಂಸ್ಥೆಯವರು ಕಾರವಾರದಲ್ಲಿ ಬೋಟು ನಡೆಸಲು ಒಬ್ಬ ಹುಡುಗನನ್ನು ಹುಡುಕುತ್ತಿದ್ದರು. ನಿನಗೆ ಪರವಾನಗಿ ಇಲ್ಲದಿದ್ದರೂ ನೀರು ಗೊತ್ತಿರುವ ಹುಡುಗ ಎಂದು ಅವತ್ತು ಪರೀಕ್ಷೆಗೆಂದು ಚುಕ್ಕಾಣಿ ಕೊಟ್ಟಿದ್ದರು. ಬೋಟಿನ ಹಿಂದೆ ಹಗ್ಗ ಹಿಡಿದು, ಕಾಲಿಗೆ ಎರಡು ಉದ್ದನೆಯ ಹಲಗೆ ಕಟ್ಟಿಕೊಂಡು ನೀರಿನ ಮೇಲೆ ಜಾರುವ ಆಟಕ್ಕೆ ಹೆಂಗಸರ ಪೈಕಿ ಯಾರೂ ಮುಂದೆ ಬರಲಿಲ್ಲ. ನೀನೇ ಕೂಗಿದೆ, ನಮ್ಮ ಅಕ್ಕ ಮಾಡ್ತಾಳ ಅಂತ. ನನಗೆ ಮೂವತ್ತೊಂದು ವರ್ಷ, ಹಿಂದೆ ಶಾಲೆಯ ಹುಡುಗಿಯರು ಚಪ್ಪಾಳೆ ತಟ್ಟುತ್ತಿದ್ದಾರೆ. ಇಳಿದೆ.

ಕಲಿಸುವವರು ಚೆನ್ನಾಗಿಯೇ ಹೇಳಿದ್ದರು. ನೀರಿನಲ್ಲಿ ಮುದುಡಿ ಕುಳಿತಿರಿ, ಮೊಣಕಾಲು ಎದೆಗೆ ಹತ್ತಿರ ಇರಲಿ, ನೀವಾಗಿ ಏಳಲು ಹೋಗಬೇಡಿ, ಬೋಟೇ ನಿಮ್ಮನ್ನು ಎಬ್ಬಿಸುತ್ತದೆ. ನಾನು ದಿನಾ ಮಕ್ಕಳಿಗೆ ಹೇಳುವಂಥದ್ದೇ ಮಾತು, ಆಯ್ತ್ರಿ ಸರ್ ಎಂದೆ. ಕೈ ಎತ್ತಿದೆ. ನೀನು ಬೋಟು ಬಿಟ್ಟೆ. ಹಗ್ಗ ಬಿಗಿಯಾಯಿತು.

ಹಗ್ಗ ಬಿಗಿಯಾದಾಗ ನಮ್ಮ ಮನೆಯವರು ಏನು ಮಾಡುತ್ತಾರೆ, ಹೇಳು ನೋಡೋಣ. ಹರಗೋಲು ದಾಟಿಸುವ ಮೊದಲು ಅದನ್ನು ಹಗ್ಗ ಕಟ್ಟಿ ದಂಡೆಗುಂಟ ಮೇಲಕ್ಕೆ ಎಳೆದೊಯ್ಯಬೇಕು, ಇಲ್ಲದಿದ್ದರೆ ಸೆಳವು ಎಲ್ಲೋ ಕೆಳಗೆ ಒಯ್ದು ಬಿಡುತ್ತದೆ. ಆ ಹಗ್ಗ ಹಿಡಿಯುವ ಕೆಲಸ ನಮ್ಮಿಬ್ಬರದು. ನಾನು ಏಳು ವರ್ಷದವಳಿದ್ದಾಗಿನಿಂದ ಅಪ್ಪ ಹಿಂದೆ ನಿಂತು ಹೇಳಿದ ಮಾತು ಒಂದೇ: "ಹಗ್ಗ ಬಿಗಿ ಆತಂದ್ರ ಮೊಣಕಾಲ ಸೆಟಸು, ಹಿಮ್ಮಡ ಊರು. ಮೊಣಕಾಲ ಮಡಚಿದ್ರ ಹೊಳಿ ನಿನ್ನ ಎಳಕೊಂಡ ಹೊಕ್ಕೈತಿ." ತುಂಗಭದ್ರೆಯ ದಂಡೆಯಲ್ಲಿ ಆ ಮಾತು ನಮ್ಮ ಜೀವ ಉಳಿಸಿತ್ತು. ಹೆಗ್ಗೇರಿ ಕೆರೆಯಲ್ಲಿ ಹಗ್ಗ ಜಗ್ಗಿದ ಕೂಡಲೇ ಕಲಿಸುವವರ ಮಾತು ಮರೆತೇ ಹೋಯಿತು. ನನ್ನ ಎರಡೂ ಮೊಣಕಾಲು ತಾವೇ ಸೆಟೆದು ನಿಂತವು. ಮೈ ಮುಂದಕ್ಕೆ ಬಾಗಿತು, ಹಲಗೆಗಳು ನೀರಿಗೆ ನಾಟಿದವು, ಎಡ ಕುಂಡೆಯ ಕೆಳಗೆ ಟಪ್ ಎಂದು ಹಸಿ ಬಟ್ಟೆ ಹರಿದಂಥ ಸಪ್ಪಳ ನನಗೇ ಕೇಳಿಸಿತು.

ಸ್ವಲ್ಪ ಅಡ್ಡಾಡಿ ಬಂದೆ. ಅವ್ವ ಚಹಾ ಕೊಟ್ಟಳು. ಯಾರಿಗೆ ಪತ್ರ ಎಂದಳು. ದುರ್ಗೇಶನಿಗೆ ಎಂದೆ. ತಾನೂ ಉಪ್ಪಿನಕಾಯಿ ಕಳಿಸುತ್ತೇನೆಂದು ಬರಿ ಎಂದಳು. ಬರೆದಿದ್ದೇನೆ.

ಮುಂದೆ ಕೇಳು. ಹಾವೇರಿಯಲ್ಲಿ ಎಕ್ಸ್‌ರೇ ತೆಗೆಸಿದೆವು, ಎಲುಬು ಮುರಿದಿಲ್ಲ ಎಂದರು, ಅವ್ವ ಕೈ ಮುಗಿದಳು. ಆದರೆ ಎರಡು ದಿನದಲ್ಲಿ ತೊಡೆಯ ಹಿಂಭಾಗ ಮೊಣಕಾಲಿನವರೆಗೆ ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ನೀನೇ ಟೆಂಪೊ ಮಾಡಿ, ಹಿಂದೆ ಗಾದಿ ಹಾಸಿ ನನ್ನನ್ನು ಬೋರಲು ಮಲಗಿಸಿ ಹುಬ್ಬಳ್ಳಿಯ ಡಾಕ್ಟರ ಹತ್ತಿರ ಕರೆದೊಯ್ದೆ. ಅವರು ಎಂ.ಆರ್.ಐ. ಮಾಡಿಸಿ, ಎರಡು ದಿನ ಬಿಟ್ಟು ಬಂದು ರಿಪೋರ್ಟು ಒಯ್ಯಿರಿ ಎಂದರು. ಮತ್ತೆ ಅಷ್ಟು ದೂರ ಹೋಗಿಬರುವುದು ನನ್ನಿಂದಾಗುತ್ತಿರಲಿಲ್ಲ. ನೀನೊಬ್ಬನೇ ಹೋದೆ. ಸಂಜೆ ಬಂದು ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತಲೇ ಹೇಳಿದೆ: "ಅಕ್ಕಾ, ಹೆದರಬ್ಯಾಡ. ಬರೇ ಉಳುಕೈತಿ ಅಂತ. ತಿಕ್ಕಿಸಿದ್ರ ಹೊಕ್ಕೈತಿ ಅಂದಾರ."

ನಾನು ನಂಬಿದೆ. ನಿನ್ನನ್ನು ನಂಬದೆ ಇನ್ನಾರನ್ನು ನಂಬಲಿ? ನಿನಗೆ ಮೂರು ವರ್ಷವಿದ್ದಾಗ ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿ ನೀರಿಗೆ ಬಿಟ್ಟವಳು ನಾನು. ಕೈ ಬಿಡುತ್ತೀ ಎಂದು ನೀನು ಅಳುತ್ತಿದ್ದೆ, ಬಿಡುವುದಿಲ್ಲ ಎಂದು ನಾನು ಹೇಳುತ್ತಿದ್ದೆ. ಬಿಡಲೂ ಇಲ್ಲ.

ಮರುದಿನದಿಂದ ಉಳುಕು ತಿಕ್ಕುವ ಹಲಗೇರಿಯ ಅತ್ತೆಯ ಮನೆ. ಇಪ್ಪತ್ತೊಂದು ದಿನ. ದಿನಾ ಟೆಂಪೊ ಓಣಿಯ ಬಾಯಿಗೇ ನಿಲ್ಲುತ್ತಿತ್ತು, ಅಲ್ಲಿಂದ ಅತ್ತೆಯ ಮನೆಯವರೆಗೆ ನೀನು ನನ್ನನ್ನು ಬೆನ್ನ ಮೇಲೆ ಹೊತ್ತು ನಡೆದೆ. ಓಣಿಯ ಹೆಂಗಸರು ಬಾಗಿಲಿಗೆ ಬಂದು ನೋಡುತ್ತಿದ್ದರು, ಹಿಂಗ ತಮ್ಮ ಇರಬೇಕವ್ವ ಎನ್ನುತ್ತಿದ್ದರು. ನನಗೆ ನಾಚಿಕೆಯೂ ಆಗುತ್ತಿತ್ತು, ಸಂತೋಷವೂ ಆಗುತ್ತಿತ್ತು. ಅತ್ತೆ ಕಾಸಿದ ಎಣ್ಣೆ ಹಚ್ಚಿ ತಿಕ್ಕುವುದು, ಉಪ್ಪಿನ ಗಂಟು ಬಿಸಿ ಮಾಡಿ ಒತ್ತುವುದು. ನಾನು ಸೆರಗು ಕಚ್ಚಿಕೊಂಡು ಮಲಗುತ್ತಿದ್ದೆ. ಮೂರನೆಯ ದಿನ ಅತ್ತೆ ಕೈ ನಿಲ್ಲಿಸಿದ್ದು ನಿನಗೆ ನೆನಪಿದೆಯೇ? ಇಲ್ಲೆ ತಗ್ಗು ಹತ್ತತೈತಿ, ಡಾಕ್ಟರ್ ಖರೇನ ಉಳುಕು ಅಂದಾರೇನೋ ಎಂದು ನಿನ್ನನ್ನೇ ಕೇಳಿದಳು. ನೀನು ಹೂಂ ಎಂದೆ. ಅದೂ ಸಾಲದೆಂಬಂತೆ, ಇನ್ನೂ ಜೋರಾಗಿ ತಿಕ್ಕಬೇಕಂತ ಎಂದೆ.

ಫೆಬ್ರುವರಿ ಒಂಬತ್ತಕ್ಕೆ ನಿನ್ನ ನೇಮಕದ ಪತ್ರ ಬಂತು. ಹತ್ತಕ್ಕೆ ನೀನು ಕಾರವಾರಕ್ಕೆ ಹೊರಟೆ. ನಾನೇ ನಿನ್ನ ಹಣೆಗೆ ಕುಂಕುಮ ಹಚ್ಚಿ ಕಳಿಸಿದೆ.

ಆಮೇಲಿನದು ನಿನಗೆ ಗೊತ್ತಿಲ್ಲದ್ದು. ನೋವು ಸ್ವಲ್ಪ ಇಳಿಯಿತು, ಶಾಲೆಗೆ ಹೋಗತೊಡಗಿದೆ. ನಡೆಯಬಲ್ಲೆ. ಓಡಲು ಹೋದರೆ ಕಾಲು ನನ್ನ ಮಾತು ಕೇಳುವುದಿಲ್ಲ. ನೀರಿಗಿಳಿದರೆ ಬಲಗಾಲು ಈಜುತ್ತದೆ, ಎಡಗಾಲು ಹಿಂದೆ ಸುಮ್ಮನೆ ಎಳೆದುಕೊಂಡು ಬರುತ್ತದೆ. ಇನ್ನೂ ನಾಲ್ಕು ದಿನ ತಡೆದರೆ ಸರಿಹೋಗುತ್ತದೆ ಎಂದು ನಾನೇ ಅಂದುಕೊಂಡು ಐದು ತಿಂಗಳು ಕಳೆದೆ. ಜುಲೈ ತಿಂಗಳಲ್ಲಿ ತಾಲ್ಲೂಕು ಕ್ರೀಡಾಕೂಟದ ತಯಾರಿ. ಉದ್ದ ಜಿಗಿತದ ಹುಡುಗಿಯರಿಗೆ ಹೆಜ್ಜೆ ತೋರಿಸಲು ನಾಲ್ಕು ಮಾರು ಓಡಿದೆ. ಜಿಗಿಯುವ ಹಲಗೆಯ ಮೇಲೆ ಎಡಗಾಲು ಊರಿದ್ದೇ ತಡ, ಮಡಚಿ ಬಿದ್ದೆ. ಮಕ್ಕಳ ಮುಂದೆ, ಮಣ್ಣಿನಲ್ಲಿ. ಅಂಜಲಿ ಓಡಿ ಬಂದು ಎಬ್ಬಿಸಿದಳು. ಯಾರೂ ನಗಲಿಲ್ಲ, ಅದಕ್ಕೇ ನನಗೆ ಅಳು ಬಂತು.

ಅದೇ ವಾರ ಅವ್ವನ ಜೊತೆ ಹುಬ್ಬಳ್ಳಿಯ ಅದೇ ಡಾಕ್ಟರ ಹತ್ತಿರ ಹೋದೆ. ಅವರು ನನ್ನನ್ನು ಗುರುತು ಹಿಡಿದರು. ಆಪರೇಶನ್ ಎಲ್ಲಿ ಮಾಡಿಸಿದಿರಿ ಎಂದು ಕೇಳಿದರು. ಯಾವ ಆಪರೇಶನ್ ಎಂದೆ. ಅವರು ಕಪಾಟಿನಿಂದ ಹಳೆಯ ಕಡತ ತೆಗೆಸಿದರು.

"ಜನವರಿ ಹದಿನೆಂಟಕ್ಕನ ಬರದು ಕೊಟ್ಟೇನಲ್ಲರಿ ಟೀಚರ್," ಎಂದರು. "ನಿಮ್ಮ ತಮ್ಮನ್ನ ಇಲ್ಲೇ ಕುಂಡರಿಸಿಕೊಂಡು ಚಿತ್ರಾ ತಗದು ತೋರಿಸೇನಿ. ಇಪ್ಪತ್ತೈದಕ್ಕ ದಿನಾನೂ ಹಿಡದಿದ್ದೆ. ತಿಕ್ಕಿಸಬ್ಯಾಡ್ರಿ ಅಂತ ಎರಡೆರಡ ಸಲ ಹೇಳೇನಿ."

ಆ ಚಿತ್ರವನ್ನು ನನಗೂ ತೆಗೆದು ತೋರಿಸಿದರು. ತೊಡೆಯ ಹಿಂಭಾಗದ ಮೂರು ಸ್ನಾಯುಗಳು, ಹ್ಯಾಮ್‌ಸ್ಟ್ರಿಂಗ್ ಎನ್ನುತ್ತಾರಂತೆ, ನಾವು ಕೂರುವ ಎಲುಬಿಗೆ ಬೇರೂರಿ ಇರುತ್ತವೆ. ನನ್ನವು ಮೂರೂ ಬೇರು ಸಮೇತ ಕಿತ್ತು ಕೆಳಗೆ ಜಾರಿದ್ದವು. ಮೂರು ವಾರದೊಳಗಾದರೆ ಅವನ್ನು ಮೇಲಕ್ಕೆ ತಂದು ಎಲುಬಿಗೆ ಹೊಲಿಯಬಹುದಿತ್ತು. ಆರು ವಾರ ಊರುಗೋಲು, ಆರೇಳು ತಿಂಗಳು ವ್ಯಾಯಾಮ, ಆಮೇಲೆ ಓಟ, ಈಜು ಎಲ್ಲ. ಅಂದರೆ ಇವತ್ತಿಗೆ, ಈ ಆಗಸ್ಟಿಗೆ, ನಾನು ಓಡುತ್ತಿದ್ದೆ. ಈಗ ಆ ಸ್ನಾಯುಗಳು ಗಿಡ್ಡಾಗಿವೆ, ಸುತ್ತ ಗಾಯದ ಗಂಟು ಬೆಳೆದು ಪಕ್ಕದ ದೊಡ್ಡ ನರಕ್ಕೆ ಅಂಟಿಕೊಂಡಿವೆ. ಈ ಜುಮುಜುಮು ಅದರದೇ. ಈಗ ಮಾಡುವುದು ಬೇರೆಯೇ ಆಪರೇಶನ್, ದೊಡ್ಡದು. ನರವನ್ನು ಬಿಡಿಸಬೇಕು, ಸ್ನಾಯು ಮುಟ್ಟದಿದ್ದರೆ ಬೇರೆ ಕಡೆಯಿಂದ ತಂದು ಜೋಡಿಸಬೇಕು. ಕುಳಿತುಕೊಳ್ಳುವಂತೆ ಮಾಡಿಯೇನು, ಓಡುವ ಮಾತು ಕೊಡಲಾರೆ ಎಂದರು ಡಾಕ್ಟರು.

ಅವ್ವನದು ಮಾತ್ರ ಬಸ್ಸಿನಲ್ಲಿ ಇಡೀ ದಾರಿ ಒಂದೇ ಮಾತು: ಡಾಕ್ಟರ್ ಹೇಳಿದ್ದು ಹುಡುಗಗ ತಿಳದಿರಾಕಿಲ್ಲ. ನಾನೂ ಹಾಗೇ ಅಂದುಕೊಳ್ಳಲು ಒದ್ದಾಡಿದೆ, ದುರ್ಗೇಶ. ಪಾಪ, ಗಾಬರಿಯಲ್ಲಿ ತಪ್ಪು ಕೇಳಿಸಿಕೊಂಡಿರಬೇಕು ಅಂತ. ಎಂಟು ದಿನ ಹಾಗೆಂದುಕೊಂಡೇ ಊಟ ಮಾಡಿದೆ.

ಒಂಬತ್ತನೆಯ ದಿನ ಬ್ಯಾಡಗಿಗೆ ಹೋದೆ. ಅವತ್ತು ಬೋಟಿನಲ್ಲಿ ನಿನ್ನ ಜೊತೆ ಹಿಂದಕ್ಕೆ ಮುಖ ಮಾಡಿ ಕುಳಿತು ನನ್ನನ್ನೇ ನೋಡುತ್ತಿದ್ದ ಮಹಮ್ಮದಗೌಸ ಅಲ್ಲಿ ಪಂಪ್‌ಸೆಟ್ ರಿಪೇರಿಯ ಅಂಗಡಿ ಇಟ್ಟಿದ್ದಾನಲ್ಲ. ಕುರ್ಚಿ ಹಾಕಿದ, ನಿಂತೇ ಇರುತ್ತೇನೆ ಎಂದೆ. ಹೊರಗೆ ಮೆಣಸಿನಕಾಯಿಯ ಘಾಟು. ನಾನು ಕಣ್ಣು ಒರೆಸಿಕೊಂಡದ್ದು ಅದಕ್ಕೇ ಎಂದು ಅವನು ತಿಳಿದಿರಬೇಕು. ಅವನು ಮೊದಲು ಹೇಳಲು ಹಿಂಜರಿದ, ಆಮೇಲೆ ಹೇಳಿದ. ಸಂಸ್ಥೆಯ ಸಾಹೇಬರು ನಿನ್ನನ್ನು ಎರಡು ಸಲ ಕರೆದು ಕೇಳಿದರಂತೆ, ಅಕ್ಕನಿಗೆ ಆಪರೇಶನ್ ಬೇಕೇನು, ಬೇಕಾದರೆ ಅಪಘಾತ ಎಂದು ದಾಖಲು ಮಾಡಬೇಕು, ಬೋಟು ಯಾರು ನಡೆಸುತ್ತಿದ್ದರು ಎನ್ನುವುದೂ ಬರೆಯಬೇಕು ಅಂತ. ನೀನು ಎರಡೂ ಸಲ ಬರೇ ಉಳುಕು ಎಂದೆಯಂತೆ. ಪರವಾನಗಿ ಇಲ್ಲದವನ ಕೈಯಲ್ಲಿ ಬೋಟು ಇತ್ತು ಎಂದು ಬರೆದರೆ ನಿನ್ನ ನೌಕರಿ ಅಲ್ಲಿಗೇ ಮುಗಿಯುತ್ತಿತ್ತು.

ಅಂದರೆ ನೀನು ತಪ್ಪು ಕೇಳಿಸಿಕೊಂಡಿರಲಿಲ್ಲ. ದಿನ ಎಣಿಸುತ್ತಿದ್ದೆ. ನೇಮಕದ ಪತ್ರ ಬರುವವರೆಗೆ ನನ್ನ ಕಾಲು ತಡೆಯಲಿ ಎಂದು ಕಾಯುತ್ತಿದ್ದೆ. ಅದು ತಡೆಯುವಂಥದ್ದಲ್ಲ ಎಂದು ಡಾಕ್ಟರು ಚಿತ್ರ ತೆಗೆದು ಹೇಳಿದ ಮೇಲೂ.

ಇನ್ನೊಂದು ಮಾತನ್ನು ಗೌಸ ಹೇಳಿದ, ಅದನ್ನು ಅವನ ಮಾತಿನಲ್ಲೇ ಬರೆಯುತ್ತೇನೆ: "ಅಂವಾ ಬೋಟ ಬರೋಬರಿ ಬಿಟ್ಟಿದ್ದನ್ರಿ ಟೀಚರ್. ಸಾವಕಾಶ ಎತ್ತಿದ. ನಿಮ್ಮ ಕಾಲ ಸೆಟದ್ವು, ನಾ ಕಣ್ಣಾರೆ ನೋಡೇನಿ."

ನನಗೆ ಅದು ಮೊದಲೇ ಗೊತ್ತಿತ್ತು, ತಮ್ಮಾ. ನೀರಿನಿಂದ ಎತ್ತಿದಾಗಲೇ ಗೊತ್ತಿತ್ತು. ಯಾರು ಕೇಳಿದರೂ, ಯಾವ ಕಾಗದದ ಮೇಲಾದರೂ, ತಪ್ಪು ನನ್ನದು, ನನ್ನ ತಮ್ಮ ಸರಿಯಾಗಿಯೇ ನಡೆಸಿದ ಎಂದು ಬರೆದು ಕೊಡುತ್ತಿದ್ದೆ. ಬೋಟು ನಡೆಸಿದವರು ಯಾರು ಎಂದರೆ, ದೇವರಾಣೆ, ಸುಳ್ಳನ್ನೂ ಹೇಳುತ್ತಿದ್ದೆ. ನೀನು ಬಾಯಿ ಬಿಟ್ಟು ಒಂದು ಮಾತು ಕೇಳಬೇಕಿತ್ತು. ಅಕ್ಕಾ, ನನ್ನ ನೌಕರಿ ಹೋಗತೈತಿ, ಏನ ಮಾಡೂಣ ಅಂತ. ನಾವಿಬ್ಬರೂ ಕೂಡಿ ಏನಾದರೂ ಮಾಡುತ್ತಿದ್ದೆವು. ನೀನು ನನ್ನನ್ನು ಕೇಳಲೇ ಇಲ್ಲ. ನನ್ನ ಕಾಲು ಕೊಟ್ಟು ನೌಕರಿ ತಗೊಂಡೆ, ಕಾಲು ನಿನ್ನದೇ ಎಂಬಂತೆ.

ಬ್ಯಾಡಗಿಯಿಂದ ಸೀದಾ ಹಲಗೇರಿಗೆ ಹೋಗಿ ಅತ್ತೆಗೆ ಹೇಳಿದೆ. ಹೇಳಬಾರದಿತ್ತೇನೋ. ಮುದುಕಿ ತನ್ನ ಎರಡೂ ಅಂಗೈ ನೋಡಿಕೊಂಡು ಕುಳಿತುಬಿಟ್ಟಳು. "ನನ್ನ ಕೈ ಉಳುಕಿದ್ದಕ್ಕವ್ವ, ಹರದದ್ದಕ್ಕಲ್ಲ," ಎಂದಳು. "ನನಗ ಹೇಳಿದ್ರ ನಾ ಮುಟ್ಟತಿದ್ದಿಲ್ಲ." ಅವತ್ತಿನಿಂದ ಯಾರು ಬಂದರೂ ತಿಕ್ಕುವುದಿಲ್ಲ ಎಂದು ವಾಪಸ್ಸು ಕಳಿಸುತ್ತಿದ್ದಾಳಂತೆ. ನಲವತ್ತು ವರ್ಷದ ಕೈಗುಣ. ನೀನು ಹಾಳು ಮಾಡಿದ್ದು ನನ್ನೊಬ್ಬಳ ಕಾಲನ್ನಲ್ಲ.

ಆ ಡಾಕ್ಟರ ಪತ್ರವನ್ನು ಎಲ್ಲಿಟ್ಟಿದ್ದೆ ಎಂದು ನಾನು ಕೇಳುವುದಿಲ್ಲ. ಹರಿದೆಯೋ, ಹೊಳೆಗೆ ಬಿಟ್ಟೆಯೋ, ಅದನ್ನೂ ಕೇಳುವುದಿಲ್ಲ.

ಸೆಪ್ಟೆಂಬರ್ ಆರಕ್ಕೆ ನನ್ನ ಆಪರೇಶನ್. ಎಲ್ಲ ಕಾಗದಕ್ಕೂ ನಾನೇ ಓದಿ, ನಾನೇ ಸಹಿ ಮಾಡಿದ್ದೇನೆ. ಜೊತೆಗೆ ಅವ್ವ ಇರುತ್ತಾಳೆ, ಅಂಜಲಿಯ ತಾಯಿಯೂ ಬರುತ್ತೇನೆಂದಿದ್ದಾರೆ. ನೀನು ರಜೆ ಹಾಕಿ ಬರಬೇಡ. ಆರು ವಾರ ನಡೆಯುವಂತಿಲ್ಲ, ಯಾರಾದರೂ ಎತ್ತಿ ಕೂರಿಸಬೇಕಾಗುತ್ತದೆ. ಆ ಯಾರಾದರೂ ನೀನಾಗುವುದು ನನಗೆ ಬೇಡ. ಅವ್ವನಿಗೆ ನೀನು ತಪ್ಪು ಕೇಳಿಸಿಕೊಂಡೆ ಎಂದೇ ಇರಲಿ. ಫೋಟೊ ಗೋಡೆಯ ಮೇಲೇ ಇದೆ, ನಾನು ಇಳಿಸಿಲ್ಲ.

ನಿನ್ನ ಕೆಲಸಕ್ಕೆ ಬೇಕಾದ ಮಾತೊಂದಿದೆ, ಟೀಚರಳಾಗಿ ಹೇಳುತ್ತೇನೆ. ನಿನ್ನ ಬೋಟಿನ ಹಿಂದೆ ಹಗ್ಗ ಹಿಡಿಯುವವರಿಗೆ, ಅದರಲ್ಲೂ ಹೊಳೆದಂಡೆಯವರು ಬಂದರೆ, ಮೊಣಕಾಲು ಮಡಚುವುದನ್ನು ದಂಡೆಯ ಮೇಲೆಯೇ ಹತ್ತು ಸಲ ಮಾಡಿಸು. ಯಾರಿಗಾದರೂ ಟಪ್ ಎಂದರೆ ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಇಡು, ತಿಕ್ಕಿಸಬೇಡ, ಬಿಸಿ ಮುಟ್ಟಿಸಬೇಡ, ಅವತ್ತೇ ದೊಡ್ಡ ದವಾಖಾನೆಗೆ ಒಯ್ಯಿ. ಡಾಕ್ಟರು ಏನಾದರೂ ಬರೆದು ಕೊಟ್ಟರೆ ಅದನ್ನು ಯಾರ ಕಾಲೋ ಅವರ ಕೈಗೇ ಕೊಡು.

ನೀರಿನ ಮೇಲೆ ಬದುಕುವವನು ನೀನು. ತುಂಗಭದ್ರಾ ತಾಯಿ ನಿನ್ನನ್ನು ಕಾಯಲಿ, ನಿನ್ನ ಬೋಟು ಯಾವತ್ತೂ ದಂಡೆ ಮುಟ್ಟಲಿ. ಇದನ್ನು ಸಿಟ್ಟಿನಲ್ಲಿ ಬರೆದಿಲ್ಲ. ನಿನಗೆ ಕೆಟ್ಟದ್ದಾಗಲಿ ಎನ್ನಲು ಹೋದರೆ ಬಾಯಿಯೇ ಬರುವುದಿಲ್ಲ, ಏನು ಮಾಡಲಿ.

ಇಂತಿ ನಿನ್ನ ಅಕ್ಕ,
ಪುಷ್ಪಾವತಿ

ತಾ.ಕ.: ಡಾಕ್ಟರ ಪತ್ರ ಎಲ್ಲಿಟ್ಟಿದ್ದೆ ಎಂದು ಕೇಳುವುದಿಲ್ಲ ಎಂದೆನಲ್ಲ, ಅದು ನನಗೆ ಗೊತ್ತಾಗಿದೆ. ಮೊನ್ನೆ ಡಾಕ್ಟರು ಹೊಸ ರಿಪೋರ್ಟನ್ನು ಉದ್ದನೆಯ ದಪ್ಪ ಲಕೋಟೆಯಲ್ಲಿ ಹಾಕಿ, ಎರಡಾಗಿ ಮಡಚಿ, ಮೂಲೆಗೆ ಟಾಚಣಿ ಪಿನ್ನು ಚುಚ್ಚಿ ನನ್ನ ಕೈಗೆ ಕೊಟ್ಟರು. ಅಂಗೈಗೆ ಹತ್ತಿದ ಕೂಡಲೇ ಗುರುತು ಸಿಕ್ಕಿತು. ಹಲಗೇರಿಯ ಓಣಿಯಲ್ಲಿ ನಿನ್ನ ಬೆನ್ನ ಮೇಲೆ ಹೋಗುವಾಗ ನನ್ನ ಕೈ ನಿನ್ನ ಎದೆಯ ಜೇಬಿನ ಮೇಲೆ ಇರುತ್ತಿತ್ತು. ಒಳಗೊಂದು ಕಾಗದ ಸಪ್ಪಳ ಮಾಡುತ್ತಿತ್ತು, ಒಂದು ದಿನ ಟಾಚಣಿ ನನ್ನ ಬೆರಳಿಗೆ ಚುಚ್ಚಿತು. ಏನದು ಎಂದು ನಾನು ಕೇಳಿದೆ. "ನಿನ್ನ ಕಾಲಿಗೆ ಬೇಡಿಕೊಂಡ ಹರಕಿ ಚೀಟಿ, ಅಕ್ಕಾ" ಎಂದೆ ನೀನು. ಅವತ್ತಿನಿಂದ ಕೊನೆಯ ದಿನದವರೆಗೆ, ಅತ್ತೆಯ ಹೊಸ್ತಿಲು ದಾಟುವ ಮೊದಲು, ನಾನು ಆ ಜೇಬು ಮುಟ್ಟಿ ಕೈಯನ್ನು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದೆ. ನೀನು ನಿಂತು, ನಾನು ಒತ್ತಿಕೊಳ್ಳುವವರೆಗೆ ಕಾಯ್ದು, ಆಮೇಲೆ ಒಳಗೆ ಕಾಲಿಡುತ್ತಿದ್ದೆ.